ನಿಮಗಿದು ಗೊತ್ತೆ? ಉಪನಗರದ ಪುಟ್ಟ ಉಗಿಬಂಡಿಯ ದೀರ್ಘಾಯುಷ್ಯ
ಲಂಡನ್ನಿನ ಉಪನಗರಗಳ ಪ್ರಯಾಣಿಕರಿಗಾಗಿ ಲಂಡನ್ ಅಂಡ್ ಸೌತ್ ವೆಸ್ಟರ್ನ್ ರೈಲ್ವೆಯ ಜೋಸೆಫ್ ಬೀಟಿ ಎಂಬ ಯಂತ್ರಶಿಲ್ಪಿಯು ರೂಪಿಸಿದ, 1863ರಿಂದ 1875ರವರೆಗೆ 85ರ ಸಂಖ್ಯೆಯಲ್ಲಿ ನಿರ್ಮಿತವಾದ ಪುಟ್ಟ ಉಗಿ ಎಂಜಿನುಗಳು, ತಮಗೆ ಬೇಕಾದ ನೀರನ್ನು ಹಿಂದಣ ಬಂಡಿಯಲ್ಲಿ ಎಳೆದೊಯ್ಯದೆ, ಚೌಕಟ್ಟಿನ ನಡುವಣ ತೊಟ್ಟಿಯಲ್ಲಿ, ಉದರದೊಳಗೆ ಧರಿಸಿದಂತೆ, ಹೊತ್ತು ಸಾಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನವು ಮುಗಿಯುವ ವೇಳೆಗೆ ಇವುಗಳಲ್ಲಿ ಮೂರನ್ನುಳಿದು ಮಿಕ್ಕವೆಲ್ಲ ಕಣ್ಮರೆಯಾದವು. ಆ ಮೂರಾದರೋ, ದೂರದ ಕಾರ್ನ್‌ವಾಲಿನಲ್ಲಿ ವೆನ್‌ಫರ್ಡ್ ಬ್ರಿಜ್ಜಿಗೆ ಹೋಗುವ ಹಳಿಗಳ ಕಡುತಿರುವುಗಳಿಗೆ ಇವುಗಳಷ್ಟು ಒಗ್ಗುವ ಬೇರೆ ಎಂಜಿನು ದೊರೆಯದ ಕಾರಣ, ಪಿಂಗಾಣಿ ಮಣ್ಣಿನ ವ್ಯಾಗನ್ನುಗಳನ್ನೆಳೆಯುತ್ತ 1962ರವರೆಗೂ ದುಡಿದವೆಂಬುದು, ಯಂತ್ರಗಳ ಆಯುಷ್ಯವನ್ನು ಬಲ್ಲವರಿಗೆ ನಿಜಕ್ಕೂ ವಿಸ್ಮಯಕರ. ಅವುಗಳಲ್ಲಿ ಎರಡು ಇಂದಿಗೂ ಇಂಗ್ಲೆಂಡಿನಲ್ಲಿ ಸುರಕ್ಷಿತವಾಗಿವೆ.