ಪೊಲೀಸ್ ಠಾಣೆಗೆ ಹೋಗುವಾಗ ಕೈಯಲ್ಲಿ ಕಾಗದವಿರಲಿ



ಮುಂಬಯಿಯಲ್ಲಿ ಹೋಟೆಲು ನಡೆಸುವ ನಮಗೆ ಪೊಲೀಸರ ಪರಿಚಯ ಇಲ್ಲದೆ ಇಲ್ಲ. ಬೀಟಿನ ಹವಾಲ್ದಾರರು ಬೆಳಿಗ್ಗೆ ಚಾ ಕುಡಿಯಲು ಬರುತ್ತಾರೆ. ರಾತ್ರಿ ಶಟರ್ ಎಳೆಯುವ ಹೊತ್ತಿಗೆ ವ್ಯಾನು ಬಂದು ಎದುರಿಗೆ ನಿಲ್ಲುತ್ತದೆ. ಆದರೆ ನಮಗೇ ಕಷ್ಟ ಬಂದ ದಿನ ನಾವು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಗುರುತಿನವರಿಗೆ ಫೋನು ಮಾಡುತ್ತೇವೆ, ಊರಿನ ಹಿರಿಯರಿಗೆ ಹೇಳುತ್ತೇವೆ, ಕೊನೆಗೆ ಹೋದದ್ದು ಹೋಯಿತು ಎಂದು ಸುಮ್ಮನಾಗುತ್ತೇವೆ. ನಾವೂ ಹಾಗೆಯೇ ಮಾಡಿ ಪೆಟ್ಟು ತಿಂದವರು. ಆಗ ಕಲಿತದ್ದನ್ನು, ಆಮೇಲೆ ವಕೀಲರಲ್ಲಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

2025ರ ಮಳೆಗಾಲ. ಆರು ವರ್ಷ ನಮ್ಮ ಗಲ್ಲಾದಲ್ಲಿ ಕೂತಿದ್ದ ಕ್ಯಾಶಿಯರ್ ಒಂದು ಭಾನುವಾರ ರಾತ್ರಿ ಶನಿವಾರ ಭಾನುವಾರದ ವ್ಯಾಪಾರದ ಹಣ, ಹುಡುಗರ ಪಗಾರಕ್ಕೆಂದು ತೆಗೆದಿಟ್ಟಿದ್ದ ಹಣ, ಎಲ್ಲಾ ಸೇರಿ 1 ಲಕ್ಷ 86 ಸಾವಿರ ರೂಪಾಯಿ ತೆಗೆದುಕೊಂಡು ಹೋದ. ನಮ್ಮ ಕಡೆಯ ಹುಡುಗ. ಊರಿಗೆ ಫೋನು ಮಾಡಿದರೆ ಅವನ ತಾಯಿ ಅತ್ತರು. ‘ಹುಡುಗನ ಹೆಸರು ಕೆಡಿಸುವುದು ಬೇಡ, ಬರುತ್ತಾನೆ’ ಎಂದು ಒಂಬತ್ತು ದಿನ ಕಾದೆವು. ಹತ್ತನೆಯ ದಿನ ಠಾಣೆಗೆ ಹೋಗಿ ಎರಡು ಗಂಟೆ ಬೆಂಚಿನಲ್ಲಿ ಕೂತು, ಬಾಯಲ್ಲಿ ಹೇಳಿ ಬಂದೆವು. ಅಲ್ಲಿದ್ದವರು ಒಂದು ಚೀಟಿಯಲ್ಲಿ ಏನೋ ಗೀಚಿಕೊಂಡರು, ಫೋನು ಮಾಡುತ್ತೇವೆ ಎಂದರು. ಒಂದು ವಾರ ಫೋನು ಬರಲಿಲ್ಲ. ಮತ್ತೆ ಹೋದಾಗ ಅಲ್ಲಿ ಬೇರೆ ಸಾಹೇಬರು. ನಾವು ಮೊದಲು ಬಂದಿದ್ದೆವು ಎನ್ನುವುದಕ್ಕೆ ಒಂದು ತುಂಡು ಕಾಗದವೂ ನಮ್ಮಲ್ಲಿ ಇರಲಿಲ್ಲ. ಸಿಸಿಟಿವಿ ತೋರಿಸೋಣ ಎಂದರೆ ನಮ್ಮ ಡಿವಿಆರ್‌ನಲ್ಲಿ ನಿಲ್ಲುವುದು ಹದಿನೈದೇ ದಿನ. ಆ ರಾತ್ರಿಯದ್ದು ಅಳಿಸಿಹೋಗಿತ್ತು.

ನಮ್ಮಲ್ಲಿ ಬೆಳಿಗ್ಗೆ ಇಡ್ಲಿ ತಿನ್ನಲು ಬರುವ ವಕೀಲರೊಬ್ಬರು ಇದನ್ನು ಕೇಳಿ ಬೈದರು. ಅವರೇ ಮರಾಠಿಯಲ್ಲಿ ಒಂದೂವರೆ ಪುಟದ ದೂರು ಬರೆದುಕೊಟ್ಟರು. ಅದನ್ನು ಕೊಟ್ಟ ಮೇಲೆ ಇಪ್ಪತ್ತೆರಡನೆಯ ದಿನಕ್ಕೆ ಎಫ್‌ಐಆರ್ ಆಯಿತು. ನಾಲ್ಕು ತಿಂಗಳ ನಂತರ ಹುಡುಗ ವಾಪಿಯ ಒಂದು ಕ್ಯಾಂಟೀನಿನಲ್ಲಿ ಸಿಕ್ಕಿದ. ಅವನ ಕೈಯಲ್ಲಿ ಉಳಿದಿದ್ದ 40 ಸಾವಿರ ಕೋರ್ಟಿನ ಮೂಲಕ ನಮಗೆ ಬಂತು. ಮಿಕ್ಕದ್ದು ಬರಲಿಲ್ಲ. ಮೊದಲ ದಿನವೇ ಕಾಗದ ಹಿಡಿದು ಹೋಗಿದ್ದರೆ ಎಷ್ಟು ಉಳಿಯುತ್ತಿತ್ತೋ.

ಈಗ ವಿಷಯಕ್ಕೆ ಬರೋಣ. 2024ರ ಜುಲೈ 1ರಿಂದ ಹಳೆಯ ಐಪಿಸಿ, ಸಿಆರ್‌ಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಕಲಮುಗಳ ನಂಬರು ಬದಲಾಗಿದೆ, ಆದರೆ ನಾವು ತಿಳಿಯಬೇಕಾದ ಮುಖ್ಯ ಭೇದ ಹಳೆಯದೇ. ಅಪರಾಧಗಳಲ್ಲಿ ಎರಡು ಬಗೆ. ಮೊದಲ ಬಗೆಯಲ್ಲಿ ಪೊಲೀಸರು ಕೋರ್ಟಿನ ಅಪ್ಪಣೆ ಇಲ್ಲದೆಯೇ ತನಿಖೆ ಮಾಡಬಹುದು, ಇದಕ್ಕೆ ಎಫ್‌ಐಆರ್. ಎರಡನೆಯ ಬಗೆಯಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಮಾಡುವಂತಿಲ್ಲ, ಇದಕ್ಕೆ ಎನ್‌ಸಿ. ಕೆಲಸಗಾರನೇ ಕದ್ದರೆ ನ್ಯಾಯ ಸಂಹಿತೆಯ ಕಲಂ 306, ನಂಬಿ ಒಪ್ಪಿಸಿದ ಹಣವನ್ನು ನುಂಗಿದರೆ ಕಲಂ 316(4). ಎರಡಕ್ಕೂ 7 ವರ್ಷದವರೆಗೆ ಶಿಕ್ಷೆ ಇದೆ, ಎರಡಕ್ಕೂ ಎಫ್‌ಐಆರ್ ಆಗಲೇಬೇಕು. ಹೆದರಿಸಿ ಹಫ್ತಾ ಕೇಳಿದರೆ ಅದು ಕಲಂ 308, ಅದಕ್ಕೂ ಎಫ್‌ಐಆರ್. ಆದರೆ ಬಿಲ್ಲು ಕೊಡದೆ ಸಪ್ಲೈಯರ್ ಹುಡುಗನ ಕೆನ್ನೆಗೆ ಹೊಡೆದು ಹೋದವನ ಮೇಲೆ ಸಾಮಾನ್ಯವಾಗಿ ಎನ್‌ಸಿ ಮಾತ್ರ. ಹೊರಗಿನವನು ಹಿಂಬಾಗಿಲಿನ ಹೊರಗೆ ಇಟ್ಟಿದ್ದ ಒಂದು ಡಬ್ಬ ಎಣ್ಣೆ ಕದ್ದರೂ ಸಾಮಾನ್ಯವಾಗಿ ಎನ್‌ಸಿಯೇ. ಯಾಕೆಂದರೆ ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವು ಎರಡನೆಯ ಬಗೆಗೆ ಸೇರಿದೆ.

ಎನ್‌ಸಿ ಬರೆಸಿ ಏನು ಪ್ರಯೋಜನ ಎಂದು ನಮ್ಮವರು ಕೇಳುತ್ತಾರೆ. ಪ್ರಯೋಜನ ಇದೆ. ಅದೇ ಪುಂಡ ಮೂರನೆಯ ಸಲ ಬಂದು ಗಲಾಟೆ ಮಾಡಿದಾಗ ಹಿಂದಿನ ಎರಡು ಎನ್‌ಸಿ ನಂಬರು ತೋರಿಸಿದರೆ ಮಾತಿಗೆ ತೂಕ ಬರುತ್ತದೆ. ಅವನಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಕ್ರಮಕ್ಕೆ, ಅಂದರೆ ಇಲ್ಲಿಯ ಭಾಷೆಯಲ್ಲಿ ಚಾಪ್ಟರ್ ಕೇಸಿಗೆ, ಆ ದಾಖಲೆಯೇ ಆಧಾರ.

ದೂರನ್ನು ಬರೆದುಕೊಂಡೇ ಹೋಗಬೇಕು. ಮರಾಠಿಯಲ್ಲಿ ಬರೆದರೆ ಕೆಲಸ ಬೇಗ. ನಮಗೆ ಮಾತಾಡಲು ಬರುವ ಮರಾಠಿ ಬರೆಯಲು ಬರುವುದಿಲ್ಲ, ಅದು ನಿಜ. ಆದರೆ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕಲಿಸಿದ್ದಾರಲ್ಲ, ಅವರನ್ನು ಕೂರಿಸಿಕೊಳ್ಳಿ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಯಾರು, ಏನು ಮಾಡಿದರು, ಏನು ಹೋಯಿತು, ಅದರ ಬೆಲೆ ಎಷ್ಟು, ಯಾರು ನೋಡಿದರು. ಇಷ್ಟು ಸಾಕು, ಕಥೆ ಬೇಡ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಠಾಣೆಯ ಶಿಕ್ಕಾ, ತಾರೀಕು, ಸಹಿ ಹಾಕಿಸಿಕೊಂಡು ಬನ್ನಿ. ನಾವು ದಿನಸಿ ಅಂಗಡಿಯ ಮಾಲಿಗೆ ಚಲನ್ ಇಲ್ಲದೆ ಸಹಿ ಹಾಕುತ್ತೇವೆಯೇ? ಇದೂ ಹಾಗೆಯೇ.

ಎಫ್‌ಐಆರ್ ಬರೆದ ಮೇಲೆ ಅದನ್ನು ನಮಗೆ ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಇದು ಸುರಕ್ಷಾ ಸಂಹಿತೆಯ ಕಲಂ 173ರಲ್ಲಿ ಇದೆ. ಓದಿದ್ದು ಅರ್ಥವಾಗದಿದ್ದರೆ ಸಹಿ ಹಾಕಬೇಡಿ, ಮರಾಠಿ ಬಲ್ಲವರನ್ನು ಕರೆಸಿ. ನಾವು ಹೇಳಿದ ಅಂಕಿ ಒಂದು, ಬರೆದ ಅಂಕಿ ಇನ್ನೊಂದು ಆದರೆ ಮುಂದೆ ಕೋರ್ಟಿನಲ್ಲಿ ಅದನ್ನೇ ಹಿಡಿದು ಎಳೆಯುತ್ತಾರೆ. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಎಂಬ ನಿಯಮವೂ ಹೊಸ ಕಾನೂನಿನಲ್ಲಿ ಸೇರಿದೆ.

ಕ್ಯಾಟರಿಂಗ್ ಮಾಡುವವರಿಗೆ ಒಂದು ಮಾತು. ಲೋಣಾವಳದಲ್ಲಿ ಮದುವೆಯ ಊಟ ಮುಗಿಸಿ ಬರುವಾಗ ದಾರಿಯಲ್ಲಿ ಟೆಂಪೋದಿಂದ ಪಾತ್ರೆಗಳು ಹೋದವು ಎಂದುಕೊಳ್ಳಿ. ಎಲ್ಲಿ ಹೋಯಿತೋ ಗೊತ್ತಿಲ್ಲ. ಒಂದು ಠಾಣೆಯವರು ‘ಇದು ನಮ್ಮ ಹದ್ದಿ ಅಲ್ಲ’ ಎಂದು ಇನ್ನೊಂದಕ್ಕೆ ಕಳುಹಿಸುತ್ತಾರೆ. ಈಗ ಹಾಗೆ ಕಳುಹಿಸುವಂತಿಲ್ಲ. ಯಾವ ಠಾಣೆಯಲ್ಲಿ ಕೊಟ್ಟರೂ ಝೀರೋ ಎಫ್‌ಐಆರ್ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಅವರೇ ಕಳುಹಿಸಬೇಕು. ಈಮೇಲ್ ಮುಂತಾದ ದಾರಿಯಲ್ಲೂ ದೂರು ಕೊಡಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಊಟ ಬಡಿಸಿ ಬಂದ ಮೇಲೆ ಬಾಕಿ ಹಣ ಕೊಡದೆ ಸತಾಯಿಸುವ ಪಾರ್ಟಿ ಇದೆಯಲ್ಲ, ಅದು ಮಾತ್ರ ಬೇರೆ. ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಎಂದು ತೋರಿಸಲಾಗದಿದ್ದರೆ ಅದು ಸಿವಿಲ್ ವ್ಯವಹಾರ, ಪೊಲೀಸರು ವಸೂಲಿ ಮಾಡಿಕೊಡುವುದಿಲ್ಲ. ಅದಕ್ಕೆ ಅಡ್ವಾನ್ಸ್ ಮತ್ತು ಸಹಿ ಮಾಡಿದ ಆರ್ಡರ್ ಫಾರ್ಮೇ ಮದ್ದು.

ಠಾಣೆಯಲ್ಲಿ ಬರೆದುಕೊಳ್ಳದೇ ಇದ್ದರೆ? ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ಬರೆಯುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಕೇಸಿನಲ್ಲಿ ಹೇಳಿದೆ. ಮೂರರಿಂದ ಏಳು ವರ್ಷದ ಒಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ ಮೇಲಧಿಕಾರಿಯ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಲು ಹೊಸ ಕಾನೂನು ಅವಕಾಶ ಕೊಟ್ಟಿದೆ. ಮೊದಲು ಠಾಣೆಯ ಸೀನಿಯರ್ ಇನ್ಸ್‌ಪೆಕ್ಟರನ್ನೇ ಕಾಣಿ. ಎಷ್ಟೋ ಸಲ ಕೆಳಗಿನವರು ತಳ್ಳಿದ್ದನ್ನು ಅವರು ಐದು ನಿಮಿಷದಲ್ಲಿ ಮಾಡಿಸುತ್ತಾರೆ. ಅಲ್ಲೂ ಆಗದಿದ್ದರೆ ದೂರಿನ ಪ್ರತಿಯನ್ನು ನಮ್ಮ ಝೋನಿನ ಡಿಸಿಪಿ ಕಚೇರಿಗೆ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು. ಕಮಿಷನರೇಟ್ ಇಲ್ಲದ ಜಿಲ್ಲೆಗಳಲ್ಲಿ ಎಸ್‌ಪಿಯವರಿಗೆ. ಅದಕ್ಕೂ ಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟು ಇದೆ, ಆ ಹೊತ್ತಿಗೆ ಈ ರಸೀದಿಯೇ ನಮ್ಮ ಕೈಯ ಬಲ.

ಜಗಳ, ಬೆಂಕಿ, ಹೊಡೆದಾಟ ನಡೆಯುತ್ತಿರುವಾಗ ಠಾಣೆಗೆ ಓಡಬಾರದು, 112ಕ್ಕೆ ಫೋನು ಮಾಡಬೇಕು. ಬೀಟಿನ ಹವಾಲ್ದಾರರ ಸ್ವಂತ ನಂಬರಿಗೆ ಮಾಡಿದರೆ ಅವರು ರಜೆಯಲ್ಲಿ ಇರಬಹುದು. 112ಕ್ಕೆ ಮಾಡಿದ ಕರೆ ಮಾತ್ರ ದಾಖಲೆಯಾಗಿ ಉಳಿಯುತ್ತದೆ.

ಹಣ ಆನ್‌ಲೈನಿನಲ್ಲಿ ಹೋದರೆ ನಂಬರು ಬೇರೆ, 1930. ನಮ್ಮ ಧಂದೆಗೆ ಈಗ ಇದೇ ದೊಡ್ಡ ರೋಗ. ಮಿಲಿಟರಿ ಆಫೀಸರ್ ಎಂದು ಹೇಳಿಕೊಂಡು ಐವತ್ತು ಊಟದ ಪಾರ್ಸೆಲ್ ಆರ್ಡರ್ ಕೊಡುತ್ತಾರೆ, ಹಣ ಹಾಕುತ್ತೇವೆ ಎಂದು ಕ್ಯೂಆರ್ ಕೋಡ್ ಕಳುಹಿಸಿ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎನ್ನುತ್ತಾರೆ. ಹಣ ಬರುವುದಕ್ಕೆ ಪಿನ್ ಬೇಕಾಗಿಲ್ಲ, ಪಿನ್ ಹಾಕಿದರೆ ಹೋಗುವುದೇ. ಇನ್ನು ಕೆಲವರು ನಮ್ಮ ಟೇಬಲಿನ ಕೋಡಿನ ಮೇಲೆ ತಮ್ಮ ಸ್ಟಿಕರ್ ಅಂಟಿಸಿ ಹೋಗುತ್ತಾರೆ. ಸಂಜೆ ಲೆಕ್ಕ ನೋಡುವವರೆಗೆ ಗೊತ್ತಾಗುವುದಿಲ್ಲ. ಗೊತ್ತಾದ ಕೂಡಲೇ 1930ಕ್ಕೆ ಹೇಳಿದರೆ ಆ ಹಣ ಇನ್ನೊಂದು ಖಾತೆಗೆ ಹಾರುವ ಮೊದಲು ಬ್ಯಾಂಕಿನಲ್ಲಿ ತಡೆಹಿಡಿಯುವ ಸಂಭವ ಇದೆ. ಮರುದಿನ ಅಕೌಂಟೆಂಟ್ ಬರಲಿ ಎಂದು ಕಾದರೆ ಹಣ ಹೋದಂತೆಯೇ.

ಸರಕಾರಿ ನೌಕರರು ಯಾರೇ ಲಂಚ ಕೇಳಿದರೂ ಮಹಾರಾಷ್ಟ್ರದ ಎಸಿಬಿ ನಂಬರು 1064. ಇದನ್ನು ಬರೆಯಲು ನಮಗೂ ಸಂಕೋಚ, ಯಾಕೆಂದರೆ ನಮ್ಮಲ್ಲಿ ಕೊಟ್ಟು ಮುಗಿಸುವವರೇ ಹೆಚ್ಚು. ಆದರೆ 2018ರ ತಿದ್ದುಪಡಿಯ ನಂತರ ಕೊಟ್ಟವನೂ ಅಪರಾಧಿಯೇ. ಬಲವಂತಕ್ಕೆ ಕೊಡಬೇಕಾಯಿತು ಎಂದಾದರೆ 7 ದಿನದೊಳಗೆ ತಿಳಿಸಿದವರಿಗೆ ರಕ್ಷಣೆ ಇದೆ. ಎಂಟನೆಯ ದಿನ ಹೇಳಿದರೆ ಆ ರಕ್ಷಣೆ ಇಲ್ಲ.

ಇನ್ನು ಅವರು ನಮ್ಮನ್ನು ಕರೆಸುವ ವಿಷಯ. ಹೋಟೆಲಿನಲ್ಲಿ ಗಲಾಟೆ ಆದರೆ ಸಾಕ್ಷಿಗೆ ಕರೆಯುತ್ತಾರೆ. ಸಾಕ್ಷಿಯನ್ನು ಕರೆಸಲು ಲಿಖಿತ ಆದೇಶ ಇರಬೇಕು. ಹೆಂಗಸರನ್ನು, 60 ವರ್ಷ ದಾಟಿದವರನ್ನು ಸಾಕ್ಷಿಗಾಗಿ ಠಾಣೆಗೆ ಬರಲೇಬೇಕು ಎನ್ನುವಂತಿಲ್ಲ, ಮನೆಗೆ ಬಂದೇ ಹೇಳಿಕೆ ತೆಗೆದುಕೊಳ್ಳಬೇಕು. ಗಲ್ಲಾದಲ್ಲಿ ಇನ್ನೂ ಎಪ್ಪತ್ತರ ತಂದೆಯವರನ್ನು ಕೂರಿಸುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ, ಅವರು ಇದನ್ನು ನೆನಪಿಡಿ.

ಪೊಲೀಸರಲ್ಲದೆ ಇನ್ನೊಬ್ಬರೂ ಕಾಗದ ಹಿಡಿದು ಬಾಗಿಲಿಗೆ ಬರುತ್ತಾರೆ. ಮುಂಬಯಿಯಲ್ಲಿ ‘ಶೆರಿಫ್’ ಎಂಬ ಹುದ್ದೆ ಇದೆ. ಇಂಗ್ಲಿಷ್ ಸಿನೆಮಾದಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿ ಕುದುರೆ ಮೇಲೆ ಬರುವ ಶೆರಿಫ್ ಬೇರೆ. ನಮ್ಮ ನಗರದ ಶೆರಿಫ್ ಎಂದರೆ ಸರಕಾರ ಗಣ್ಯರಿಗೆ ಒಂದು ವರ್ಷದ ಮಟ್ಟಿಗೆ ಕೊಡುವ ಗೌರವದ ಹುದ್ದೆ. 1980ರಲ್ಲಿ ನಟ ದಿಲೀಪ್ ಕುಮಾರ್ ಆಗಿದ್ದರು. ಆದರೆ ಶೆರಿಫರ ಕಚೇರಿ ಎಂಬುದು ಹೈಕೋರ್ಟಿನ ಸಮನ್ಸ್, ಜಪ್ತಿ ವಾರಂಟ್ ಜಾರಿ ಮಾಡುವ ಕಚೇರಿ. ಬಾಡಿಗೆ ತಕರಾರುಗಳು ಹೆಚ್ಚಾಗಿ ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗುವುದರಿಂದ ನಮ್ಮಲ್ಲಿಗೆ ಬರುವುದು ಅಲ್ಲಿಯ ಬೇಲಿಫ್. ಬಂದವರ ಗುರುತಿನ ಕಾರ್ಡು, ಕೋರ್ಟಿನ ಮೊಹರು, ದಾವೆಯ ನಂಬರು, ನಮ್ಮ ಹೆಸರು ಸರಿ ಇದೆಯೇ ನೋಡಿ, ಕೂಡಲೇ ವಕೀಲರಿಗೆ ಫೋನು ಮಾಡಬೇಕು. ಅಡ್ಡಿ ಮಾಡಬಾರದು. ಸಮನ್ಸ್ ತೆಗೆದುಕೊಳ್ಳದೆ ಹಿಂಬಾಗಿಲಿನಿಂದ ಹೋಗುವುದು ಜಾಣತನ ಅಲ್ಲ. ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ಕೋರ್ಟು ಒಪ್ಪಿದರೆ ಅದು ಮುಟ್ಟಿದಂತೆಯೇ, ನಮ್ಮ ಮಾತು ಕೇಳದೆಯೇ ತೀರ್ಪು ಆಗಬಹುದು.

ಇದನ್ನು ಇಷ್ಟು ಹೇಳಲು ಕಾರಣ ಕಂಡಕ್ಟಿಂಗ್‌ನಲ್ಲಿ ಹೋಟೆಲು ನಡೆಸುವ ನಮ್ಮ ಹುಡುಗರು. ಜಾಗದ ಮಾಲಕರು ನಾಲ್ಕು ಜನರನ್ನು, ಜತೆಗೆ ಒಬ್ಬ ಪೊಲೀಸನ್ನು ಕರೆತಂದು ‘ಇವತ್ತೇ ಖಾಲಿ ಮಾಡು’ ಎಂದ ಕೂಡಲೇ ಬೀಗದ ಕೈ ಕೊಟ್ಟು ಬಂದವರಿದ್ದಾರೆ. ಖಾಲಿ ಮಾಡಿಸುವ ಅಧಿಕಾರ ಪೊಲೀಸರಿಗೆ ಇಲ್ಲ, ಅದಕ್ಕೆ ಕೋರ್ಟಿನ ಆದೇಶ ಬೇಕು. ಆದೇಶ ಇದ್ದರೆ ಅದನ್ನು ತರುವವನು ಬೇಲಿಫ್, ಪೊಲೀಸರು ಅವನಿಗೆ ಬಂದೋಬಸ್ತ್ ಮಾತ್ರ. ಆದೇಶವಿಲ್ಲದೆ ಹೊರಗೆ ಹಾಕಿದರೆ ಅಂದೇ 112ಕ್ಕೆ ಕರೆ, ಠಾಣೆಯಲ್ಲಿ ಲಿಖಿತ ದೂರು, ಮತ್ತು ವಕೀಲರನ್ನು ಕಾಣುವುದು. ಜಾಗ ಹಿಂದೆ ಪಡೆಯಲು ಸ್ಪೆಸಿಫಿಕ್ ರಿಲೀಫ್ ಕಾಯಿದೆಯ ಕಲಂ 6ರಂತೆ ದಾವೆ ಹೂಡುವುದಾದರೆ 6 ತಿಂಗಳೊಳಗೆ ಹೂಡಬೇಕು. ನಮ್ಮ ಕರಾರಿಗೆ ಅದು ಒಪ್ಪುತ್ತದೆಯೇ ಎಂದು ಕರಾರುಪತ್ರ ತೋರಿಸಿಯೇ ಕೇಳಬೇಕು.

ನಮ್ಮ ಗಲ್ಲಾದ ಒಳಬದಿಗೆ ಈಗ 112, 1930, 1064, ಠಾಣೆಯ ಮತ್ತು ಡಿಸಿಪಿ ಕಚೇರಿಯ ನಂಬರು ಬರೆದ ಕಾಗದ ಅಂಟಿಸಿದ್ದೇವೆ. ಡಿವಿಆರ್‌ಗೆ ದೊಡ್ಡ ಡಿಸ್ಕ್ ಹಾಕಿಸಿದ್ದೇವೆ. ದೂರಿನ ಮರಾಠಿ ನಮೂನೆ, ಹೆಸರು ತಾರೀಕು ತುಂಬುವ ಜಾಗ ಬಿಟ್ಟು, ಸಂಘದ ಕಚೇರಿಯಲ್ಲಿ ಇಡಬೇಕೆಂದು ಕಮಿಟಿಗೆ ಬರೆದಿದ್ದೇವೆ. ಅಲ್ಲಿಯವರೆಗೆ ಬೇಕಾದವರು ನಮ್ಮ ಹೋಟೆಲಿಗೆ ಬಂದು ನಮ್ಮ ಪ್ರತಿಯನ್ನು ಝೆರಾಕ್ಸ್ ಮಾಡಿಸಿಕೊಳ್ಳಬಹುದು. ಮಧ್ಯಾಹ್ನ ಮೂರರ ನಂತರ ಬನ್ನಿ, ಊಟದ ಹೊತ್ತಿನಲ್ಲಿ ಬೇಡ.