ಕಚೇರಿಯೂ ಇರಲಿ, ಸಂಖ್ಯಾಶಾಸ್ತ್ರದ ಓದೂ ಸಾಗಲಿ

ಯೂನಿವರ್ಸಿಟಿಯಲ್ಲಿ ಕೆಲಸ. ದಿನವಿಡೀ ಬೇರೆಯವರ ಅಂಕಪಟ್ಟಿ, ಬೇರೆಯವರ ಪ್ರವೇಶ ಅರ್ಜಿ, ಬೇರೆಯವರ ಪದವಿ ಪ್ರಮಾಣಪತ್ರ. ಊರವರ ಓದಿನ ಕಾಗದ ಜೋಡಿಸುತ್ತ ಕೂತವರಿಗೆ ಒಂದಲ್ಲ ಒಂದು ದಿನ ‘ನಾನೂ ಮುಂದ ಓದಬೇಕಿತ್ತಲ್ಲ’ ಅನ್ನಿಸಿಯೇ ಅನ್ನಿಸುತ್ತದೆ. ಮನೆಯಲ್ಲಿ ಬಾಯಿಬಿಟ್ಟರೆ ಬರುವ ಉತ್ತರವೂ ಗೊತ್ತಿದ್ದದ್ದೇ. ‘ಓದಿದ್ದು ಸಾಲೂದಿಲ್ಲೇನವಾ? ನೌಕರಿ ಐತಿ, ಮಕ್ಕಳ ಅದಾವ, ಇನ್ಯಾಕ?’

2016ರ ಕಾಯ್ದೆಯಿಂದ ಗದಗಿಗೂ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಬಂತು. ನಾಗಾವಿಯಲ್ಲಿ ಅದರ ಕ್ಯಾಂಪಸ್ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಂತೂ ಹಳೆಯದು. ಇಂಥ ಕಡೆ ಕೆಲಸ ಮಾಡುವವರಿಗೆ ಸಂಖ್ಯಾಶಾಸ್ತ್ರ ಉಪಯೋಗಕ್ಕೆ ಬರುವ ವಿಷಯ. ನ್ಯಾಕ್ ವರದಿ ಇರಲಿ, ಫಲಿತಾಂಶದ ವಿಶ್ಲೇಷಣೆ ಇರಲಿ, ಹಳ್ಳಿಯ ಸಮೀಕ್ಷೆ ಇರಲಿ, ಅಂಕಿ-ಅಂಶ ಇಲ್ಲದೆ ಕಚೇರಿ ನಡೆಯುವುದಿಲ್ಲ.

ಹೊಳೆಯಾಚೆಯ ಉದಾಹರಣೆ

ಮುಂಡರಗಿ ಕಡೆಯವರು ತುಂಗಭದ್ರೆ ದಾಟಿದರೆ ಹೂವಿನಹಡಗಲಿ. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ.ಆರ್. ರಾವ್ ಹುಟ್ಟಿದ್ದು ಅಲ್ಲೇ, 1920ರ ಸೆಪ್ಟೆಂಬರ್ 10ರಂದು. ತೆಲುಗು ಮಾತಿನ ಮನೆ, ಹತ್ತು ಮಕ್ಕಳಲ್ಲಿ ಇವರು ಎಂಟನೆಯವರು. 1946ರಲ್ಲಿ ಅವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದದ್ದು ಯೂನಿವರ್ಸಿಟಿಯ ಮ್ಯೂಸಿಯಂ ಕೆಲಸಕ್ಕೆ. ಸುಡಾನಿನಲ್ಲಿ ಅಗೆದು ತೆಗೆದ ಹಳೆಯ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಬೇಕಿತ್ತು. ಆ ಕೆಲಸ ಮಾಡುತ್ತಲೇ ಆರ್.ಎ. ಫಿಷರ್ ಅವರ ಮಾರ್ಗದರ್ಶನದಲ್ಲಿ ಓದಿ 1948ರಲ್ಲಿ ಪಿಎಚ್.ಡಿ. ಪಡೆದರು. ಹೊಟ್ಟೆಪಾಡಿನ ಲೆಕ್ಕವೇ ಓದಿನ ಲೆಕ್ಕಕ್ಕೂ ಒದಗಿಬಂತು! 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ರಾವ್ ಚಿಕ್ಕವರಿದ್ದಾಗ ತಾಯಿ ಲಕ್ಷ್ಮೀಕಾಂತಮ್ಮ ದಿನಾ ನಸುಕಿನ ನಾಲ್ಕಕ್ಕೆ ಎಬ್ಬಿಸಿ, ಎಣ್ಣೆ ದೀಪ ಹಚ್ಚಿಟ್ಟು ಓದಲು ಕೂರಿಸುತ್ತಿದ್ದರು. ಅದನ್ನು ನೆನೆದು ಮಗ ತಮ್ಮ ಪುಸ್ತಕವೊಂದನ್ನು ತಾಯಿಗೇ ಅರ್ಪಿಸಿದ್ದಾರೆ. ಸರಿ, ಮಗನಿಗೆ ತಾಯಿ ದೀಪ ಹಚ್ಚಿದಳು. ಸೊಸೆ ಓದಲು ಕೂತರೆ ಹಚ್ಚುವವರು ಯಾರು? ನೌಕರಿ ಮಾಡುವ ಹೆಣ್ಣುಮಗಳ ಓದು ನಿಲ್ಲುವುದೋ ಸಾಗುವುದೋ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಮೊದಲು ಕಾಗದಪತ್ರ

* ಅರ್ಜಿ ಹಾಕುವ ಮೊದಲೇ ಕಚೇರಿಯಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ. ‘ಸಾಹೇಬರು ಹ್ಞೂಂ ಅಂದಾರ’ ಅಂದರೆ ಸಾಲದು, ಸಾಹೇಬರು ಬದಲಾಗುತ್ತಾರೆ. ಪಾಸಾದ ಮೇಲೆ ಸೇವಾ ಪುಸ್ತಕದಲ್ಲಿ ನಮೂದಾಗಲೂ ಈ ಪತ್ರ ಬೇಕು.

* ರೆಗ್ಯುಲರ್ ಎಂ.ಎಸ್‌ಸಿ. ತರಗತಿ ಹಗಲಲ್ಲೇ ನಡೆಯುತ್ತದೆ, ಹಾಜರಾತಿಯೂ ಕಡ್ಡಾಯ. ರಜೆ ಮಂಜೂರಾಗದಿದ್ದರೆ ದೂರಶಿಕ್ಷಣವೇ ದಾರಿ. ಇಗ್ನೋದಲ್ಲಿ ಅನ್ವಯಿಕ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಡಿಪ್ಲೊಮಾ ಇದೆ, ಎಂ.ಎಸ್‌ಸಿ.ಯೂ ಇದೆ. ಪಿಯುಸಿ ಅಥವಾ ಪದವಿಯಲ್ಲಿ ಎಷ್ಟು ಗಣಿತ ಓದಿರಬೇಕು ಎಂಬುದನ್ನು ಪ್ರವೇಶ ಕೈಪಿಡಿಯಲ್ಲಿ ನೋಡಿಕೊಂಡೇ ಹಣ ಕಟ್ಟಿ.

* ಯಾವುದೇ ದೂರಶಿಕ್ಷಣ ಕೋರ್ಸ್ ಇರಲಿ, ಯುಜಿಸಿ ಮಾನ್ಯತೆ ಆ ವರ್ಷಕ್ಕೆ ಇದೆಯೇ ನೋಡಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಮಾನ್ಯತೆ ತಪ್ಪಿತ್ತು, ಮರಳಿ ಸಿಕ್ಕಿದ್ದು 2018ರಲ್ಲಿ. ನಡುವೆ ಪೇಚಿಗೆ ಸಿಕ್ಕವರು ವಿದ್ಯಾರ್ಥಿಗಳು.

ಗಂಟೆಯ ಲೆಕ್ಕ ಹಾಕಿ

ಹುರುಪಿನಲ್ಲಿ ಎಲ್ಲ ಪೇಪರಿಗೂ ಒಮ್ಮೆಲೇ ಕಟ್ಟಿ, ಪರೀಕ್ಷೆ ಬಂದಾಗ ಕೈಚೆಲ್ಲಬೇಡಿ. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ನಾಲ್ಕು ಕ್ರೆಡಿಟ್‌ನ ಒಂದು ಪೇಪರಿಗೆ 120 ಗಂಟೆ ಬೇಕು.

ಈಗ ನಿಮ್ಮ ಆರು ತಿಂಗಳು ತೆಗೆದುಕೊಳ್ಳಿ. ಸುಮಾರು 180 ದಿನ. ನಳದ ನೀರು ಬರುವ ದಿನ ಪುಸ್ತಕ ಮುಟ್ಟಲಾಗದು, ಇದನ್ನು ಗದಗ–ಬೆಟಗೇರಿಯವರಿಗೆ ಬಿಡಿಸಿ ಹೇಳಬೇಕೇ? ಹಬ್ಬ, ಮದುವೆ, ಮಕ್ಕಳ ಜ್ವರ, ಕಚೇರಿಯಲ್ಲಿ ಪ್ರವೇಶದ ಗದ್ದಲ ಎಲ್ಲ ಸೇರಿ 30 ದಿನ ಕಳೆಯಿರಿ. ಉಳಿದದ್ದು 150. ದಿನಕ್ಕೆ ಒಂದು ಗಂಟೆ ಸಿಕ್ಕರೆ ಒಂದು ಪೇಪರ್ ನಿರಾಳ. ಒಂದೂವರೆ ಗಂಟೆಯಾದರೆ 225 ಗಂಟೆ, ಭಾನುವಾರ ಅಷ್ಟಿಷ್ಟು ಸೇರಿಸಿದರೆ ಎರಡು ಪೇಪರ್. ಅದಕ್ಕಿಂತ ಹೆಚ್ಚು ಬೇಡ. ದೂರಶಿಕ್ಷಣದಲ್ಲಿ ಕನಿಷ್ಠ ಅವಧಿಗಿಂತ ಹೆಚ್ಚು ಕಾಲ ತೆಗೆದುಕೊಂಡು ಮುಗಿಸಲು ಅವಕಾಶ ಇರುತ್ತದೆ. ನಿಧಾನವಾದರೆ ನಾಚಿಕೆ ಏನಿಲ್ಲ.

ಓದುವುದು ಹೇಗೆ?

ರೊಟ್ಟಿ ಬಡಿಯುವುದನ್ನು ನೋಡಿ ಯಾರಿಗಾದರೂ ರೊಟ್ಟಿ ಬಂದಿದೆಯೇ? ಸಂಖ್ಯಾಶಾಸ್ತ್ರವೂ ಹಾಗೇ. ವಾರವೆಲ್ಲ ಬಿಟ್ಟು ಭಾನುವಾರ ಐದು ತಾಸು ಓದುವುದಕ್ಕಿಂತ ದಿನಾ ಎರಡು ಲೆಕ್ಕ ಕೈಯಾರೆ ಬಿಡಿಸುವುದು ಮೇಲು. ಸೂತ್ರದ ಭಯ ಇದ್ದರೆ ಅಡುಗೆಮನೆಗೆ ಬನ್ನಿ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುತ್ತೀರಿ. ಮೊದಲು ಸೌಟು ಆಡಿಸಿ, ಆಮೇಲೆ ಅಗುಳು ತೆಗೆಯುತ್ತೀರಲ್ಲವೇ? ಮಾದರಿ ಸಮೀಕ್ಷೆಯ ತಿರುಳು ಅಷ್ಟೇ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಗದಗಿಗೆ ಓಡಾಡುವವರಿಗೆ ಬಸ್ಸಿನ ಸಮಯ ಇದೆ. ಅಲ್ಲಿ ಲೆಕ್ಕ ಬರೆಯಲಾಗದು, ಪಾಠ ಕೇಳಬಹುದು. ಸ್ವಯಂ ತಾಣದಲ್ಲಿ ಸಂಖ್ಯಾಶಾಸ್ತ್ರದ ಪಾಠಗಳು ಉಚಿತ. ಲೆಕ್ಕ ಮಾಡುವ ‘ಆರ್’ ತಂತ್ರಾಂಶಕ್ಕೂ ದುಡ್ಡಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಉಳಿಯುವ ಬಸ್ ಚಾರ್ಜನ್ನು ಬೇರೆ ಡಬ್ಬಿಯಲ್ಲಿ ಹಾಕುತ್ತ ಹೋಗಿ, ಪರೀಕ್ಷಾ ಶುಲ್ಕಕ್ಕಾದೀತು.

ಇಗ್ನೋದಲ್ಲಿ ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ರಜೆಯ ಅರ್ಜಿ ತಿಂಗಳ ಮೊದಲೇ ಕೊಡಿ. ಅಸೈನ್‌ಮೆಂಟ್‌ಗಳನ್ನು ಮಾತ್ರ ಉದಾಸೀನ ಮಾಡಬೇಡಿ. ಕಚೇರಿಯ ಹೊತ್ತಿನಲ್ಲಿ ಕದ್ದು ಓದುವುದೂ ಬೇಡ. ಒಂದು ಮಾತು ಬಂದರೆ ಸಿಕ್ಕ ಅನುಮತಿಗೇ ಕುತ್ತು.

ಮನೆಯವರಿಗೆ ಏನು ಹೇಳಬೇಕು?

‘ಸ್ವಲ್ಪ ಸಹಾಯ ಮಾಡ್ರಿ’ ಅಂದರೆ ಯಾರೂ ಏಳುವುದಿಲ್ಲ. ಕೆಲಸದ ಹೆಸರು ಹಿಡಿದು ಹೇಳಿ. ಬೆಳಗಿನ ಹಾಲು-ಚಹಾ ಯಜಮಾನರದು. ನೀರು ತುಂಬುವುದು ಮಗನದು. ಡಬ್ಬಿಗೆ ಪಲ್ಯ ಹೆಚ್ಚಿಡುವುದು ಮಗಳದು. ಪರೀಕ್ಷೆಯ ತಿಂಗಳು ಖಡಕ್ ರೊಟ್ಟಿ ಕೊಂಡು ತಂದಿಟ್ಟುಕೊಳ್ಳಿ, ಮನೆಯ ಮಾನವೇನೂ ಹೋಗುವುದಿಲ್ಲ. ಓದಿನ ಹೊತ್ತು ಮಾತ್ರ ದಿನಾ ಒಂದೇ ಇರಲಿ. ದೇವರ ಪೂಜೆಯ ಹೊತ್ತಿನಲ್ಲಿ ಯಾರೂ ಕೂಗುವುದಿಲ್ಲ, ಇದಕ್ಕೂ ಆ ಮರ್ಯಾದೆ ಸಿಗಲಿ. ಇನ್ನು ನಿದ್ದೆ ಕಡಿತ ಮಾಡಿ ಓದುವ ಸಾಹಸ ಬೇಡ. ನಾಲ್ಕಕ್ಕೆ ಏಳುವವರು ಹತ್ತಕ್ಕೆ ಮಲಗಲೇಬೇಕು, ಹತ್ತರ ಮೇಲಿನ ಪಾತ್ರೆ ಬೆಳಗ್ಗೆ ಇನ್ನೊಬ್ಬರು ತೊಳೆಯಲಿ.

ಮನೆಯಲ್ಲೇ ಇರುವ ಅತ್ತೆಯಂದಿರೇ, ಅಕ್ಕಂದಿರೇ, ನಿಮಗೂ ಒಂದು ಮಾತು. ಸೊಸೆ, ತಂಗಿ, ಓರಗಿತ್ತಿ ಓದಲು ಕೂತಾಗ ‘ಇನ್ಯಾಕ?’ ಅನ್ನುವ ಬದಲು ಒಂದು ಕಪ್ಪು ಚಹಾ ಪಕ್ಕದಲ್ಲಿಟ್ಟು ಬಾಗಿಲು ಮುಂದೆ ಮಾಡಿ ಬನ್ನಿ. ಇವತ್ತಿನ ದೀಪ ಅದೇ.

ಓದಬೇಕು ಅನ್ನಿಸಿದವರು ಈ ಭಾನುವಾರ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ. ಮುಂದಿನ ಆರು ತಿಂಗಳಲ್ಲಿ ಓದಲಾಗದ ದಿನಗಳಿಗೆ ಗುರುತು ಹಾಕಿ, ಉಳಿದವನ್ನು ಎಣಿಸಿ. ನಿಮ್ಮ ಸಂಖ್ಯಾಶಾಸ್ತ್ರದ ಮೊದಲ ಲೆಕ್ಕ ಅಲ್ಲಿಗೇ ಮುಗಿಯಿತು!