ಕುರ್ಚಿಗೆ ಇಳಿದ ಕಾಡು

ಹೂವು, ಬಳ್ಳಿ, ನವಿಲುಗಳನ್ನು ಕೆತ್ತಿದ ಕುರ್ಚಿಗೆ ‘ಪ್ರಕೃತಿಯಿಂದ ಪ್ರೇರಿತ’ ಎನ್ನುವುದು ವಾಡಿಕೆ. ಆದರೆ ಒಂದು ಎಲೆಯನ್ನೂ ಕೆತ್ತದೆ ತಮ್ಮ ನಾಡಿನ ಕಾಡು, ನೀರನ್ನು ಪೀಠೋಪಕರಣಗಳಿಗೆ ಇಳಿಸಿದವರು ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ (1898–1976).

ಫಿನ್ಲೆಂಡಿನ ನೆಲದ ಬಹುಪಾಲು ಕಾಡು. ಸಣ್ಣಪುಟ್ಟವೂ ಸೇರಿ ಅಲ್ಲಿ ಸುಮಾರು 1,88,000 ಸರೋವರಗಳಿವೆ. ಆಲ್ಟೊ ಅವರ ತಂದೆ ಭೂಮಾಪಕರು. ನಾಡಿನ ನೆಲ, ನೀರು ನಕ್ಷೆಗಿಳಿಯುವುದನ್ನು ಮಗ ಮನೆಯಲ್ಲೇ ಕಂಡಿದ್ದರು. ಫಿನ್ನಿಷ್ ಭಾಷೆಯಲ್ಲಿ ‘ಆಲ್ಟೊ’ ಎಂದರೆ ಅಲೆ ಎಂದೇ ಅರ್ಥ!

ಅವರಿಗೆ ಹೆಸರು ತಂದ ಕುರ್ಚಿ ಹುಟ್ಟಿದ್ದು ಶ್ರೀಮಂತರ ಹಜಾರಕ್ಕಾಗಿ ಅಲ್ಲ, ಕ್ಷಯರೋಗಿಗಳಿಗಾಗಿ. ಆಗ ಕ್ಷಯಕ್ಕೆ ಪರಿಣಾಮಕಾರಿ ಔಷಧ ಇರಲಿಲ್ಲ. ಶುದ್ಧ ಗಾಳಿ, ಬಿಸಿಲು, ವಿಶ್ರಾಂತಿಯೇ ಚಿಕಿತ್ಸೆ. ಪೈಮಿಯೊ ಎಂಬಲ್ಲಿ ಪೈನ್ ಕಾಡಿನ ನಡುವೆ ಆಲ್ಟೊ ವಿನ್ಯಾಸಗೊಳಿಸಿದ ಆರೋಗ್ಯಧಾಮ 1933ರಲ್ಲಿ ಪೂರ್ಣಗೊಂಡಿತು. ಯೂರೋಪಿನಲ್ಲಿ ಆಗ ಉಕ್ಕಿನ ಕೊಳವೆಯ ಕುರ್ಚಿಗಳ ಕಾಲ. ಚಳಿನಾಡಿನ ರೋಗಿಯ ಮೈಗೆ ತಣ್ಣನೆಯ ಲೋಹ ಹಿತವಲ್ಲ ಎಂದು ಭಾವಿಸಿದ ಆಲ್ಟೊ ತಮ್ಮ ಕಾಡಿನ ಬರ್ಚ್ ಮರದತ್ತ ತಿರುಗಿದರು. ನಮ್ಮ ಪೂರ್ವಿಕರು ಬರೆಯಲು ಬಳಸಿದ ಭೂರ್ಜಪತ್ರದ ಮರವೂ ಇದೇ ಬಳಗದ್ದು.

ಒಂದೇ ಪ್ಲೈವುಡ್ ಹಾಳೆ ಬಾಗಿ ಆಸನವೂ ಆಗುತ್ತದೆ, ಬೆನ್ನೊರಗೂ ಆಗುತ್ತದೆ. ಎರಡು ಬದಿಯ ಬರ್ಚ್ ಚೌಕಟ್ಟುಗಳು ಅದನ್ನು ತೂಗಿ ಹಿಡಿಯುತ್ತವೆ. ರೋಗಿ ಸಲೀಸಾಗಿ ಉಸಿರಾಡಲೆಂದು ಬೆನ್ನೊರಗಿನ ಓರೆಯನ್ನು ನಿರ್ಧರಿಸಲಾಗಿತ್ತು.

ಈ ಪ್ರಯೋಗಗಳಲ್ಲಿ ಜತೆಯಾದವರು ಪತ್ನಿ ಐನೊ ಹಾಗೂ ತುರ್ಕು ನಗರದ ಪೀಠೋಪಕರಣ ತಯಾರಕ ಒಟ್ಟೊ ಕೊರ್ಹೊನೆನ್. 1933ರ ಮೂರು ಕಾಲಿನ ಸ್ಟೂಲಿನಲ್ಲಿ ಅವರ ಉಪಾಯ ಇನ್ನೂ ಸ್ಪಷ್ಟ. ಬರ್ಚ್ ಪಟ್ಟಿಯ ತುದಿಯನ್ನು ಎಳೆಯ ಗುಂಟ ಹಲವು ಸೀಳಾಗಿ ಕೊಯ್ದು, ಸೀಳುಗಳಲ್ಲಿ ತೆಳುವಾದ ಮರದ ಹಾಳೆಗಳನ್ನು ಅಂಟಿನೊಡನೆ ತೂರಿಸಿ, ಲಂಬಕೋನಕ್ಕೆ ಬಗ್ಗಿಸುತ್ತಾರೆ. ಮರದ ಎಳೆ ತುಂಡಾಗುವುದಿಲ್ಲ. ಕೊಂಬೆಯಂತೆ ಬಾಗಿ ಭಾರ ಹೊರುತ್ತದೆ.

1936ರಲ್ಲಿ ಆಲ್ಟೊ ರೂಪಿಸಿದ ಗಾಜಿನ ಹೂದಾನಿಯ ಅಂಕುಡೊಂಕು ಅಂಚಿನಲ್ಲಿ ಅನೇಕರು ಫಿನ್ಲೆಂಡಿನ ಸರೋವರದ ದಡವನ್ನು ಕಾಣುತ್ತಾರೆ. ಅದು ನೋಡುವವರ ಊಹೆ. ಸ್ಪರ್ಧೆಗೆ ಕಳುಹಿಸುವಾಗ ಅದಕ್ಕೆ ಆಲ್ಟೊ ಕೊಟ್ಟಿದ್ದ ಹೆಸರು, ಎಸ್ಕಿಮೊ ಹೆಂಗಸಿನ ಚರ್ಮದ ಚಲ್ಲಣ! ಅವರ ಕುರ್ಚಿಗಳಲ್ಲಿ ಮಾತ್ರ ಊಹೆಗೆ ಎಡೆಯಿಲ್ಲ. ಅವರು ಕಾಡಿನಿಂದ ಪಡೆದದ್ದು ಚಿತ್ರವನ್ನಲ್ಲ. ಮರದ ಬಾಗುವ ಗುಣವನ್ನು, ಮುಟ್ಟಿದರೆ ಹಿತವೆನಿಸುವ ಬೆಚ್ಚನೆಯನ್ನು.

ಕ್ಷಯಕ್ಕೆ ಔಷಧ ಬಂದ ಮೇಲೆ ಆರೋಗ್ಯಧಾಮದ ಮೂಲ ಕೆಲಸ ಮುಗಿಯಿತು. ಆಲ್ಟೊ ದಂಪತಿ ಗೆಳೆಯರೊಡನೆ 1935ರಲ್ಲಿ ಸ್ಥಾಪಿಸಿದ ಆರ್ಟೆಕ್ ಸಂಸ್ಥೆ ಆ ಕುರ್ಚಿ, ಸ್ಟೂಲುಗಳನ್ನು ಇಂದಿಗೂ ಮಾರುತ್ತಿದೆ. ರೋಗಿಯ ಉಸಿರಿಗಾಗಿ ಬಾಗಿದ ಮರದಲ್ಲಿ ಈಗ ಆರೋಗ್ಯವಂತರೂ ಒರಗಿ ಕೂರುತ್ತಾರೆ.